ನಾಲ್ಕು ಅಂಗಳಗಳ ಆಟಗಾರ

ಒಂದು ಆಟದಲ್ಲಿ ನೈಪುಣ್ಯ ಗಳಿಸುವುದೇ ಕಷ್ಟಸಾಧ್ಯ. ನಾಲ್ಕು ಆಟಗಳಲ್ಲಿ ಏಕಕಾಲಕ್ಕೆ ಮಿಂಚುವವರು ಬಲು ವಿರಳ. ಅಂತಹ ವಿರಳರಲ್ಲಿ ಅಮೆರಿಕದ ಜಾಕಿ ರಾಬಿನ್‌ಸನ್ ಒಬ್ಬನು. ಆಟದ ಅಂಗಳದಲ್ಲಿ ಅವನಿಗೆ ದೊರೆತ ಮನ್ನಣೆ ಹೊರಗಿನ ಸಮಾಜದಲ್ಲಿ ಸುಲಭವಾಗಿ ದೊರೆಯಲಿಲ್ಲ. ಅದಕ್ಕೆ ಕಾರಣ ಅವನ ಮೈಬಣ್ಣ.

1919ರ ಜನವರಿ 31ರಂದು ಜಾರ್ಜಿಯಾ ರಾಜ್ಯದ ಕೈರೊ ಎಂಬ ಊರಿನಲ್ಲಿ, ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದ ಬಡ ಕುಟುಂಬದಲ್ಲಿ ರಾಬಿನ್‌ಸನ್ ಜನಿಸಿದನು. ಅವನು ಹಸುಗೂಸಾಗಿದ್ದಾಗಲೇ ತಂದೆ ಮನೆ ತೊರೆದನು. ತಾಯಿ ಮ್ಯಾಲಿ ಐವರು ಮಕ್ಕಳೊಡನೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರವನ್ನು ಸೇರಿ, ಮನೆಗೆಲಸ ಮಾಡಿ ಮಕ್ಕಳನ್ನು ಸಲಹಿದಳು. ಆ ನಗರದ ಸಾರ್ವಜನಿಕ ಈಜುಕೊಳದಲ್ಲಿ ಕಪ್ಪು ಜನಾಂಗದವರಿಗೆ ವಾರಕ್ಕೊಂದೇ ದಿನ ಪ್ರವೇಶವಿತ್ತು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಗೆದ್ದನು. ಊರಿಗೆ ಮರಳಿದ ಆ ವೀರನಿಗೆ ದೊರೆತದ್ದು ಬೀದಿ ಗುಡಿಸುವ ಕೆಲಸ!

ಪ್ರೌಢಶಾಲೆಯಲ್ಲಿಯೇ ರಾಬಿನ್‌ಸನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಮತ್ತು ಅಥ್ಲೆಟಿಕ್ಸ್‌ಗಳಲ್ಲಿ ಶಾಲೆಯನ್ನು ಪ್ರತಿನಿಧಿಸಿದನು. ಬಳಿಕ ಪ್ಯಾಸಡೀನಾ ಜೂನಿಯರ್ ಕಾಲೇಜನ್ನು ಸೇರಿದನು. 1938ರ ಮೇ ತಿಂಗಳ ಒಂದು ದಿನ ಅವನು ಉದ್ದಜಿಗಿತದಲ್ಲಿ 25 ಅಡಿ ಆರೂವರೆ ಅಂಗುಲ ನೆಗೆದು ಅಣ್ಣನ ದಾಖಲೆಯನ್ನೇ ಮುರಿದನು. ಅಂದೇ ಮತ್ತೊಂದು ಊರಿಗೆ ಧಾವಿಸಿ ಬೇಸ್‌ಬಾಲ್ ಪಂದ್ಯವನ್ನೂ ಆಡಿದನು.

1939ರಲ್ಲಿ ಅವನು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದನು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟಕ್ಕಿಂತ ಭಿನ್ನವಾದುದು. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು, ಕೆಡವಲು ಬರುವ ಎದುರಾಳಿಗಳಿಂದ ನುಣುಚಿಕೊಂಡು ಗೆರೆಯತ್ತ ಓಡಬೇಕು. ಕಬಡ್ಡಿಯ ಚುರುಕೂ ಓಟದ ವೇಗವೂ ಅಲ್ಲಿ ಒಟ್ಟಾಗಿ ಬೇಕು. ಆ ವರ್ಷ ರಾಬಿನ್‌ಸನ್ ಚೆಂಡು ಹಿಡಿದು ಓಡಿದಾಗಲೆಲ್ಲ ಸರಾಸರಿ 12 ಗಜಗಳಷ್ಟು ಮುನ್ನಡೆದನು. ತಂಡದಲ್ಲಿ ಕಪ್ಪು ಜನಾಂಗದ ಇನ್ನೂ ಮೂವರಿದ್ದರು. ಅದು ಆ ಕಾಲದಲ್ಲಿ ಅಪರೂಪವಾಗಿತ್ತು. 1940ರಲ್ಲಿ ಅವನು ಉದ್ದಜಿಗಿತದಲ್ಲಿ ರಾಷ್ಟ್ರದ ಕಾಲೇಜುಗಳ ಪ್ರಶಸ್ತಿಯನ್ನೂ ಗಳಿಸಿದನು. ನಾಲ್ಕು ಕ್ರೀಡೆಗಳಲ್ಲಿ ಆ ವಿಶ್ವವಿದ್ಯಾನಿಲಯದ ಗೌರವಚಿಹ್ನೆ ಪಡೆದವರಲ್ಲಿ ಅವನೇ ಮೊದಲಿಗನು.

ಆದರೆ ಇಷ್ಟೆಲ್ಲ ಸಾಮರ್ಥ್ಯಕ್ಕೆ ಮುಂದೆ ದಾರಿಯೆಲ್ಲಿತ್ತು? ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ತಂಡಗಳು ಅಂದು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬೇಸ್‌ಬಾಲ್‌ನ ಪ್ರಮುಖ ಲೀಗುಗಳೂ ಅಷ್ಟೆ. ಪದವಿಯಿಂದಲೂ ತನ್ನವರಿಗೆ ಉದ್ಯೋಗ ದೊರೆಯಲಾರದೆಂದು ಭಾವಿಸಿ, ತಾಯಿಗೆ ನೆರವಾಗಲು 1941ರಲ್ಲಿ ಅವನು ವ್ಯಾಸಂಗವನ್ನು ಅರ್ಧಕ್ಕೇ ನಿಲ್ಲಿಸಿದನು. ಮುಂದೆ ಸೈನ್ಯಕ್ಕೆ ಸೇರಿದನು. 1944ರಲ್ಲಿ ಬಸ್ಸಿನ ಹಿಂಭಾಗಕ್ಕೆ ಹೋಗೆಂದಾಗ ಒಪ್ಪದೆ ಸೈನಿಕ ನ್ಯಾಯಾಲಯದ ವಿಚಾರಣೆಗೆ ಗುರಿಯಾಗಿ, ನಿರ್ದೋಷಿಯೆನಿಸಿಕೊಂಡನು.

1945ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅವನನ್ನು ಕರೆಸಿದನು. ನಿಂದೆಗೆ ಪ್ರತಿನಿಂದೆ ಮಾಡದೆ ಸಹಿಸುವ ಧೈರ್ಯವುಂಟೇ ಎಂಬುದೇ ರಿಕಿಯ ಪ್ರಶ್ನೆಯಾಗಿತ್ತು. ಅನ್ಯಾಯಕ್ಕೆ ತಲೆಬಾಗದವನಿಗೆ ಅದು ಕಠಿಣ ವ್ರತ. ರಾಬಿನ್‌ಸನ್ ಒಪ್ಪಿದನು. 1947ರ ಏಪ್ರಿಲ್ 15ರಂದು ಅವನು ಅಂಗಳಕ್ಕೆ ಇಳಿದಾಗ ಅನೇಕ ದಶಕಗಳ ವರ್ಣದ ಗೋಡೆ ಬಿರುಕುಬಿಟ್ಟಿತು. ಪ್ರೇಕ್ಷಕರ ಬೈಗುಳಗಳಿಗೆ ಅವನ ಆಟವೇ ಉತ್ತರವಾಯಿತು. 1949ರಲ್ಲಿ ಅವನು ತನ್ನ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನೆಂಬ ಪ್ರಶಸ್ತಿ ಪಡೆದನು. ಸೋಜಿಗವೆಂದರೆ, ವಿಶ್ವವಿದ್ಯಾನಿಲಯದಲ್ಲಿ ಅವನು ತೀರ ಹಿಂದುಳಿದಿದ್ದ ಆಟವೇ ಬೇಸ್‌ಬಾಲ್!

ರಾಬಿನ್‌ಸನ್ 1972ರಲ್ಲಿ ತೀರಿಕೊಂಡನು. 1997ರಲ್ಲಿ ಅವನ 42ನೆಯ ಸಂಖ್ಯೆಯನ್ನು ಪ್ರಮುಖ ಲೀಗುಗಳ ಎಲ್ಲ ತಂಡಗಳೂ ಅವನ ಗೌರವಾರ್ಥವಾಗಿ ಮೀಸಲಿರಿಸಿದವು. ಈಗ ಪ್ರತಿವರ್ಷ ಏಪ್ರಿಲ್ 15ರಂದು ಆ ಲೀಗುಗಳ ಆಟಗಾರರೆಲ್ಲರೂ ಅದೇ ಸಂಖ್ಯೆಯ ಅಂಗಿಯನ್ನು ತೊಡುತ್ತಾರೆ. ಒಮ್ಮೆ ಒಬ್ಬನಿಗೂ ತೆರೆಯದಿದ್ದ ಬಾಗಿಲಿನೊಳಗೆ ಇಂದು ಎಲ್ಲ ಬಣ್ಣದವರೂ ಒಂದೇ ಅಂಕಿಯನ್ನು ಹೊತ್ತು ನಡೆಯುತ್ತಾರೆ.