ತುಂಬಿಕೊಳ್ಳುವುದೂ ಹೃದಯದ ಕೆಲಸವೇ

ಹೃದಯವು ಕುಗ್ಗಿ ರಕ್ತವನ್ನು ಮೈಗೆಲ್ಲ ತಳ್ಳುತ್ತದೆಂಬುದು ಎಲ್ಲರಿಗೂ ಗೊತ್ತು. ತಳ್ಳುವ ಮೊದಲು ಅದು ಸಡಿಲವಾಗಿ ತುಂಬಿಕೊಳ್ಳಬೇಕೆಂಬುದನ್ನು ನಾವು ಮರೆಯುತ್ತೇವೆ.

ಏಲಕ್ಕಿ ತೋಟದಲ್ಲಿ ಔಷಧಿ ಹೊಡೆಯುವ ಕೈಪಂಪನ್ನು ಗಮನಿಸಿರಿ. ಹಿಡಿಯನ್ನು ಪೂರ್ತಿ ಎಳೆದರೆ ಮಾತ್ರ ಒಳಗೆ ದ್ರವ ತುಂಬುತ್ತದೆ. ಅರ್ಧ ಎಳೆದು ಎಷ್ಟು ಜೋರಾಗಿ ಒತ್ತಿದರೂ ಹೊರಬರುವುದು ಅರ್ಧವೇ.

ಹೃದಯದ ಎಡ ಹೃತ್ಕುಕ್ಷಿಯೂ ಹೀಗೆಯೇ. ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಕುಗ್ಗಲು ಸುಮಾರು 0.3, ಸಡಿಲವಾಗಿ ತುಂಬಲು 0.5 ಸೆಕೆಂಡು. ಸ್ನಾಯುಕೋಶದಲ್ಲಿ ಹರಡಿದ ಕ್ಯಾಲ್ಸಿಯಂ ಮತ್ತೆ ತನ್ನ ಉಗ್ರಾಣ ಸೇರಿದಾಗಲೇ ಸ್ನಾಯು ಸಡಿಲವಾಗುವುದು. ಇದಕ್ಕೂ ಶಕ್ತಿ ಬೇಕು. ಒಳಗಿನ ಒತ್ತಡ ಇಳಿದೊಡನೆ ಕವಾಟ ತೆರೆದು, ಶ್ವಾಸಕೋಶದಿಂದ ಬಂದು ಎಡ ಹೃತ್ಕರ್ಣದಲ್ಲಿದ್ದ ರಕ್ತ ಒಳಗೆ ಧುಮುಕುತ್ತದೆ. ಹೆಚ್ಚಿನ ಪಾಲು ಹೀಗೆ ಮೊದಲೇ ತುಂಬುತ್ತದೆ. ಉಳಿದದ್ದನ್ನು ಹೃತ್ಕರ್ಣ ಕೊನೆಗೆ ಹಿಂಡಿ ಕಳುಹಿಸುತ್ತದೆ.

ರಕ್ತದೊತ್ತಡ ಬಹಳ ವರ್ಷ ಏರಿಯೇ ಇದ್ದರೆ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಮುಪ್ಪು, ಸಕ್ಕರೆ ಕಾಯಿಲೆ, ಬೊಜ್ಜು ಅದಕ್ಕೆ ಜೊತೆಯಾಗುತ್ತವೆ. ಸುಲಭವಾಗಿ ತುಂಬದ ಹೃದಯದ ಒತ್ತಡ ಹಿಂದಕ್ಕೆ ಶ್ವಾಸಕೋಶವನ್ನು ಮುಟ್ಟುತ್ತದೆ. ಬೋಡಿಮೆಟ್ಟಿನಂಥ ಏರಿನಲ್ಲಿ ನಡೆದಾಗ ಬಡಿತ ಹೆಚ್ಚಿ, ತುಂಬುವ ಸಮಯ ಇನ್ನೂ ಕಿರಿದಾಗಿ, ಏದುಸಿರು ಬರುತ್ತದೆ.

ಇದನ್ನು ‘ವಯಸ್ಸಾಯಿತು, ಬೆಟ್ಟದ ಚಳಿ’ ಎಂದು ತಳ್ಳಿಹಾಕಬೇಡಿ. ಹೃದಯ ವೈಫಲ್ಯವುಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ರಕ್ತ ತಳ್ಳುವ ಪ್ರಮಾಣ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ‘ಪಂಪಿಂಗ್ ಚೆನ್ನಾಗಿದೆ’ ಎಂಬ ಒಂದೇ ಮಾತಿಗೆ ನಿಶ್ಚಿಂತರಾಗದೆ, ಉಸಿರಾಟದ ತೊಂದರೆ ಉಳಿದಿದ್ದರೆ ವೈದ್ಯರಿಗೆ ಮತ್ತೆ ತಿಳಿಸಿರಿ. ತುಂಬುವಿಕೆಯನ್ನು ಎಕೋ ಪರೀಕ್ಷೆಯಲ್ಲಿ ನೋಡಬಹುದು.

ಗಮನಿಸಬೇಕಾದ ಲಕ್ಷಣಗಳು:
1. ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಏದುಸಿರು.
2. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು.
3. ಪಾದಗಳ ಊತ.

ಮಾಡಬೇಕಾದುದು:
1. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿರಿ. ಇದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ಮನೆಬಾಗಿಲಿಗೇ ಈ ಸೇವೆ ತಲುಪಿಸಲು ತಮಿಳುನಾಡು ಸರ್ಕಾರ 2021ರಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿತು.
2. ಒತ್ತಡ ಇಳಿಯಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.
3. ದಿನದ ಉಪ್ಪು 5 ಗ್ರಾಂ ದಾಟದಿರಲಿ. ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಒಣಮೀನು, ಹಪ್ಪಳದ ಉಪ್ಪೂ ಇದರಲ್ಲೇ ಸೇರಿದೆ.

ಈ ರೋಗಕ್ಕೆ ಬಹುಕಾಲ ತಕ್ಕ ಔಷಧವಿರಲಿಲ್ಲ. ಸಕ್ಕರೆ ಕಾಯಿಲೆಗೆಂದು ಬಂದ ಎಂಪಾಗ್ಲಿಫ್ಲೋಜಿನ್ ಇಂಥವರು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆಂದು 2021ರಲ್ಲಿ ತಿಳಿದುಬಂತು. ಅದನ್ನು ವೈದ್ಯರು ಹೇಳಿದರೆ ಮಾತ್ರ ಸೇವಿಸಬೇಕು. ಬಿಗಿದ ಗೋಡೆಯನ್ನು ಸಡಿಲಿಸುವುದಕ್ಕಿಂತ ಅದು ಬಿಗಿಯದಂತೆ ನೋಡಿಕೊಳ್ಳುವುದೇ ಸುಲಭ.