ಕೃತ್ರಿಮ ಸಿಹಿಯೂ ಮೈಮೇಲಿನ ದದ್ದೂ

ಸಕ್ಕರೆಯಿಲ್ಲದ ಸಿಹಿಪಾನೀಯವನ್ನು ಕುಡಿದ ಬಳಿಕ ಮಕ್ಕಳ ಮೈಯಲ್ಲಿ ದದ್ದುಗಳೆದ್ದರೆ ನಾವು ಒಡನೆ ಅದರೊಳಗಿನ ಕೃತ್ರಿಮ ಸಿಹಿಯನ್ನೇ ದೂಷಿಸುವೆವು. ಈ ದೂಷಣೆಯು ಎಷ್ಟರ ಮಟ್ಟಿಗೆ ನ್ಯಾಯವಾದದ್ದೆಂಬದನ್ನು ವಿಚಾರಿಸೋಣ.

ಇವುಗಳಲ್ಲಿ ಹಿರಿಯದು ಸ್ಯಾಕರಿನ್. 1879ರಲ್ಲಿ ಅಮೇರಿಕದ ಬಾಲ್ಟಿಮೋರ್ ನಗರದಲ್ಲಿ ಫಾಲ್ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ಕೈತೊಳೆಯದೆ ಊಟಕ್ಕೆ ಕುಳಿತಾಗ ರೊಟ್ಟಿಯು ಸಿಹಿಯಾಗಿ ತೋರಿತಂತೆ. ಶೋಧಕ್ಕೆ ಅದೇ ಮೂಲವು. (ನಮ್ಮ ಹುಡುಗಿಯರು ಇದನ್ನು ಅನುಸರಿಸತಕ್ಕದ್ದಲ್ಲ!) ಸಲ್ಫಾ ಔಷಧಗಳು ಒಗ್ಗದವರು ಸ್ಯಾಕರಿನ್ನಿಗೂ ಅಂಜುವದುಂಟು, ಏಕೆಂದರೆ ಎರಡೂ ರಚನೆಯಲ್ಲಿ ದೂರದ ನೆಂಟರು. ಆದರೆ ಸಲ್ಫಾ ಜೀವಾಣುನಾಶಕಗಳಲ್ಲಿ ಅಲರ್ಜಿಗೆ ಮುಖ್ಯ ಕಾರಣವೆನಿಸಿದ ಅಮೈನ್ ಭಾಗವು ಸ್ಯಾಕರಿನ್ನಿನಲ್ಲಿಲ್ಲ.

ಆಸ್ಪರ್ಟೇಮಿನ ವಿಷಯದಲ್ಲಿ ಒಂದು ಒಳ್ಳೇ ಪರೀಕ್ಷೆಯು ನಡೆದಿರುವದು. ತಮಗೆ ಅದು ಒಗ್ಗದೆಂದು ನಂಬಿದ್ದ 21 ಮಂದಿಗೆ ಒಮ್ಮೆ ಆಸ್ಪರ್ಟೇಮನ್ನೂ ಇನ್ನೊಮ್ಮೆ ನಿರುಪದ್ರವಿ ಪದಾರ್ಥವನ್ನೂ, ಯಾವದು ಯಾವದೆಂದು ಕೊಡುವವರಿಗೂ ಕೊಳ್ಳುವವರಿಗೂ ತಿಳಿಯದಂತೆ ಕೊಟ್ಟರು. 1993ರಲ್ಲಿ ಪ್ರಕಟವಾದ ಫಲವೇನಂದರೆ: ಆಸ್ಪರ್ಟೇಮಿನ ಬಳಿಕ ಎರಡು ಸಲ, ಬರಿಯ ಪದಾರ್ಥದ ಬಳಿಕವೂ ಎರಡು ಸಲ ದದ್ದುಗಳೆದ್ದವು! ದದ್ದು ನಿಜ, ಆರೋಪಿಯು ಮಾತ್ರ ಬೇರೆ ಇರಬಹುದು.

ಫೀನೈಲ್‌ಕೀಟೋನೂರಿಯಾ ಎಂಬ ಹುಟ್ಟುರೋಗವುಳ್ಳವರು ಆಸ್ಪರ್ಟೇಮನ್ನು ಅವಶ್ಯವಾಗಿ ವರ್ಜಿಸತಕ್ಕದ್ದು. ಅದು ಅಲರ್ಜಿಯಲ್ಲ, ಅದರೊಳಗಿನ ಫೀನೈಲಲನೀನನ್ನು ಅವರ ದೇಹವು ಅರಗಿಸಲಾರದು.

ಹಾಗಾದರೆ ಯಾವ ಸಿಹಿಯೂ ಅಲರ್ಜಿ ತಾರದೋ? ತರುವದು, ಆದರೆ ವಿರಳವಾಗಿ. ಎರಿತ್ರಿಟಾಲನ್ನು ತಿಂದು ತೀವ್ರವಾಗಿ ಅಸ್ವಸ್ಥರಾದವರ ವರದಿಗಳು ಜಪಾನಿನಿಂದ ಬಂದಿರುವವು. ಆದದರಿಂದ ತಿಂದ ಪದಾರ್ಥದ ಹೊದಿಕೆಯನ್ನು ಬಿಸಾಡದೆ ವೈದ್ಯರಿಗೆ ತೋರಿಸಿರಿ. ನಾಲಿಗೆ ಬಾತು ಉಸಿರು ಕಟ್ಟಿದರೆ ಹೊದಿಕೆಯನ್ನು ಹುಡುಕುತ್ತ ನಿಲ್ಲದೆ ಆಸ್ಪತ್ರೆಗೆ ಧಾವಿಸಿರಿ.