ಚಿಲ್ಲರೆ ವ್ಯಾಪಾರ ಕಂಪನಿಯ ಆಸ್ತಿಗಳು: ಲೆಕ್ಕಪತ್ರ ನೀತಿ ಮತ್ತು ಅಂಗಡಿಯ ರೂಢಿ

ಚಿಲ್ಲರೆ ವ್ಯಾಪಾರದಲ್ಲಿ ತೊಡಗಿರುವ ಖಾಸಗಿ ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳ ಟಿಪ್ಪಣಿಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಸಿಗುತ್ತದೆ: ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವುಗಳಲ್ಲಿ ಯಾವುದು ಕಡಿಮೆಯೋ ಅದರಂತೆ ಮೌಲ್ಯಮಾಪನ ಮಾಡಲಾಗಿದೆ. ವಾಕ್ಯವೇನೋ ನಿರ್ದುಷ್ಟವಾಗಿದೆ. ಆದರೆ ಮಾರ್ಚ್ 31ರಂದು ಸರಕನ್ನು ಎಣಿಸುವ ಗುಮಾಸ್ತರು ಅದನ್ನು ಓದಿರುವುದಿಲ್ಲ. ಅವರ ಕಣ್ಣಮುಂದಿರುವುದು ಬೆಲೆಚೀಟಿ. ಅವರು ಬರೆದುಕೊಳ್ಳುವುದು ಮಾರಾಟದ ಬೆಲೆ. ಅದರಿಂದ ಅಂದಾಜು ಲಾಭಾಂಶವನ್ನು ಕಳೆದು ಬಂದ ಮೊತ್ತವೇ ಆಢಾವೆ ಪತ್ರಿಕೆಯನ್ನು ಸೇರುತ್ತದೆ. ಅಚ್ಚಾದ ನೀತಿಗೂ ಅಂಗಡಿಯ ರೂಢಿಗೂ ನಡುವೆ ಇರುವ ಈ ಅಂತರವನ್ನು ಬಟ್ಟೆ ವ್ಯಾಪಾರದ ಕಂಪನಿಯೊಂದರ ಉದಾಹರಣೆಯಿಂದ ಪರಿಶೀಲಿಸೋಣ.

ಇಂಡ್ ಎಎಸ್ ಅನ್ವಯಿಸದ ಕಂಪನಿಗಳು 2021ರ ಲೆಕ್ಕಪತ್ರ ಮಾನಕಗಳ ನಿಯಮಾವಳಿಗೆ ಒಳಪಟ್ಟಿವೆ. ಕುಟುಂಬದವರೇ ನಡೆಸುವ ಅಂಗಡಿ ಕಂಪನಿಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ. ದಾಸ್ತಾನಿಗೆ ಸಂಬಂಧಿಸಿದ ಮಾನಕ ಎ.ಎಸ್. 2. ಬೆಲೆಚೀಟಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ವೆಚ್ಚವನ್ನು ಕಂಡುಕೊಳ್ಳುವ ಚಿಲ್ಲರೆ ಪದ್ಧತಿಗೆ ಅದು ಸ್ಪಷ್ಟ ಅನುಮತಿ ನೀಡಿದೆ. ಆದುದರಿಂದ ನಮ್ಮ ವರ್ತಕರ ರೂಢಿ ತನ್ನಷ್ಟಕ್ಕೆ ತಪ್ಪಲ್ಲ. ಷರತ್ತುಗಳು ಮಾತ್ರ ಇವೆ. ಸರಕಿನ ಬಗೆಗಳು ಬಹುಸಂಖ್ಯೆಯಲ್ಲಿದ್ದು ಬೇಗ ಬೇಗ ಬದಲಾಗುತ್ತಿರಬೇಕು, ಅವುಗಳ ಲಾಭಾಂಶ ಒಂದೇ ತೆರನಾಗಿರಬೇಕು, ಬೇರೆ ಪದ್ಧತಿ ಕಾರ್ಯಸಾಧ್ಯವಾಗಿರಬಾರದು. ಜೊತೆಗೆ, ಬೆಲೆ ಇಳಿಸಿದ ಸರಕನ್ನು ಲಾಭಾಂಶದ ಲೆಕ್ಕದಲ್ಲಿ ಪರಿಗಣಿಸಿರಬೇಕು. ಬಹುಪಾಲು ತೊಡಕು ಹುಟ್ಟುವುದು ಈ ಕೊನೆಯ ಷರತ್ತಿನಲ್ಲಿಯೇ.

ಸೀರೆ ವಿಭಾಗದ ಲಾಭಾಂಶವು, ತೆರಿಗೆ ಬಿಟ್ಟು, ಮಾರಾಟ ಬೆಲೆಯ ಶೇ. 40 ಎಂದಿಟ್ಟುಕೊಳ್ಳೋಣ. ಹಬ್ಬದ ಋತು ಮುಗಿದ ಮೇಲೆ ಉಳಿದ ಸೀರೆಗಳ ಮೂಲ ಬೆಲೆ 20 ಲಕ್ಷ ರೂ.; ಅಂದರೆ ವೆಚ್ಚ 12 ಲಕ್ಷ. ಮಾದರಿ ಹಳೆಯದಾಯಿತೆಂದು ಬೆಲೆಯನ್ನು 15 ಲಕ್ಷಕ್ಕೆ ಇಳಿಸಲಾಯಿತು. ಹೊಸ ಚೀಟಿಯ ಮೇಲೆಯೂ ಹಳೆಯ ಶೇ. 40ನ್ನೇ ಕಳೆದರೆ 9 ಲಕ್ಷ ಬರುತ್ತದೆ. 3 ಲಕ್ಷದ ಆಸ್ತಿ ವಿನಾಕಾರಣ ಕರಗಿತು. ಇಳಿಕೆಯನ್ನು ಪರಿಗಣಿಸಿದರೆ ಲಾಭಾಂಶ ಶೇ. 20 ಮಾತ್ರ, ವೆಚ್ಚ ಮತ್ತೆ 12 ಲಕ್ಷವೇ. ಮಾರಾಟದ ಖರ್ಚು 1 ಲಕ್ಷವೆಂದರೂ ನಿವ್ವಳ ವಸೂಲಾತಿ ಮೌಲ್ಯ 14 ಲಕ್ಷ ಉಳಿಯುವುದರಿಂದ 12 ಲಕ್ಷವನ್ನೇ ತೋರಿಸತಕ್ಕದ್ದು.

ಇದಕ್ಕಿಂತ ಅಪಾಯಕಾರಿಯಾದುದು ಇದರ ವಿರುದ್ಧ ಪರಿಸ್ಥಿತಿ. ಅದೇ ಸೀರೆಗಳು 10 ಲಕ್ಷಕ್ಕಿಂತ ಹೆಚ್ಚಿಗೆ ಹೋಗಲಾರವು, ಖರ್ಚು 50 ಸಾವಿರ. ವಸೂಲಾತಿ ಮೌಲ್ಯ ಒಂಬತ್ತೂವರೆ ಲಕ್ಷ. ಮಾಲೀಕರಿಗೆ ಇದು ಗೊತ್ತು. ಆದರೂ ಹಳೆಯ ಚೀಟಿಯನ್ನು ತೆಗೆಯಲು ಮನಸ್ಸಿಲ್ಲ. ಪುಸ್ತಕದಲ್ಲಿ 12 ಲಕ್ಷ ಹಾಗೆಯೇ ಉಳಿಯುತ್ತದೆ, ಎರಡೂವರೆ ಲಕ್ಷ ರೂ. ಇಲ್ಲದ ಲಾಭ ಕಾಣಿಸುತ್ತದೆ, ಅದರ ಮೇಲೆ ಆದಾಯ ತೆರಿಗೆಯನ್ನೂ ತೆರಲಾಗುತ್ತದೆ. ಬ್ಯಾಂಕು ಶೇ. 25ರ ಮಾರ್ಜಿನ್ ಇಟ್ಟು ಕ್ಯಾಷ್ ಕ್ರೆಡಿಟ್ ನೀಡುತ್ತಿದ್ದರೆ, ಈ ಇಲ್ಲದ ಸರಕಿನ ಮೇಲೆ 1,87,500 ರೂ. ಸಾಲ ಹುಟ್ಟುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಷೇರು ಬಿಟ್ಟುಕೊಟ್ಟು ಹೊರಹೋಗುವ ವರ್ಷದಲ್ಲಂತೂ, ಹೋಗುವವರಿಗೆ ಹಣ, ಉಳಿಯುವವರಿಗೆ ಹಳೆಯ ಸೀರೆ ಎಂಬಂತಾಗುತ್ತದೆ.

ಬೆಲೆಚೀಟಿಯಲ್ಲಿ ಜಿ.ಎಸ್.ಟಿ. ಸೇರಿರುತ್ತದೆ ಎಂಬುದನ್ನು ಎಷ್ಟೋ ಕಡೆ ಮರೆಯಲಾಗುತ್ತದೆ. ಶೇ. 5ರ ತೆರಿಗೆಗೆ ಒಳಪಟ್ಟ ಸರಕಿನ ಚೀಟಿ 1,050 ರೂ. ಇದ್ದರೆ ಲಾಭಾಂಶವನ್ನು ಕಳೆಯಬೇಕಾದುದು 1,000 ರೂ.ಯಿಂದ. ಖರೀದಿಯ ಮೇಲೆ ದೊರೆತ ವ್ಯಾಪಾರಿ ವಟಾವು, ಜಮೆ ಪಡೆದ ತೆರಿಗೆ ಇವೆರಡೂ ವೆಚ್ಚದಲ್ಲಿ ಸೇರಕೂಡದು. ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಪ್ರಕರಣ 17(5)ರಂತೆ ತೆರಿಗೆ ಜಮೆ ಸಲ್ಲದು. ಅದನ್ನು ಹಿಂತಿರುಗಿಸಿ, ಆ ಮೊತ್ತವನ್ನೂ ನಷ್ಟಕ್ಕೆ ಸೇರಿಸಬೇಕು. ಮಾರಾಟವಾಗದಿದ್ದರೆ ಹಿಂದಿರುಗಿಸುವ ಷರತ್ತಿನ ಮೇಲೆ ಬಂದು, ಒಡೆತನವು ಸರಬರಾಜುದಾರರಲ್ಲಿಯೇ ಉಳಿದಿರುವ ಸರಕನ್ನು ಎಣಿಕೆಯ ದಿನ ಪ್ರತ್ಯೇಕವಾಗಿ ಇಡುವುದು ಲೇಸು.

ಅಂಗಡಿಯ ಸ್ಥಿರ ಆಸ್ತಿಗಳಲ್ಲಿ ಬಹುತೇಕ ಗೊಂದಲವಿಲ್ಲ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಪೀಠೋಪಕರಣಕ್ಕೆ 10 ವರ್ಷ, ಕಚೇರಿ ಉಪಕರಣಕ್ಕೆ 5 ವರ್ಷ, ಬಿಲ್ಲಿಂಗ್ ಕಂಪ್ಯೂಟರಿಗೆ 3 ವರ್ಷ ಆಯುಷ್ಯ ನಿಗದಿಪಡಿಸಿದೆ. ಎಡವುವುದು ಬಾಡಿಗೆ ಕಟ್ಟಡದ ಒಳಾಂಗಣದಲ್ಲಿ. ಇನ್ನು ಆರು ವರ್ಷ ಮಾತ್ರ ಗುತ್ತಿಗೆ ಉಳಿದಿದೆ, ನವೀಕರಣದ ಭರವಸೆಯಿಲ್ಲ. ಫಾಲ್ಸ್ ಸೀಲಿಂಗ್, ನೆಲಹಾಸು, ಗೋಡೆಗೆ ಕೂಡಿಸಿದ ಕಪಾಟುಗಳಿಗೆ 24 ಲಕ್ಷ ರೂ. ವ್ಯಯವಾಗಿದೆ. ಪೀಠೋಪಕರಣವೆಂದು ಶೇ. 5 ಉಳಿಕೆ ಮೌಲ್ಯ ಬಿಟ್ಟು ಹತ್ತು ವರ್ಷಕ್ಕೆ ಹಂಚಿದರೆ ವಾರ್ಷಿಕ ಸವಕಳಿ 2.28 ಲಕ್ಷ. ಆರು ವರ್ಷಗಳ ನಂತರ ಬಾಗಿಲು ಮುಚ್ಚಿದಾಗ ಪುಸ್ತಕದಲ್ಲಿ 10.32 ಲಕ್ಷ ರೂ. ಆಸ್ತಿ ಇರುತ್ತದೆ, ವಸ್ತು ಮಾತ್ರ ಕಟ್ಟಡದ ಯಜಮಾನರ ಪಾಲಾಗಿರುತ್ತದೆ. ಗುತ್ತಿಗೆಯ ಅವಧಿ, ವಸ್ತುವಿನ ಆಯುಷ್ಯ ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿದು ವರ್ಷಕ್ಕೆ 4 ಲಕ್ಷ ಬರೆಯುವುದೇ ಸರಿ. ಕಳಚಿ ಒಯ್ಯಬಹುದಾದ ಕೌಂಟರು, ರ‍್ಯಾಕುಗಳಿಗೆ ಈ ಕಟ್ಟುಪಾಡಿಲ್ಲ. ಅಂಗಡಿಯ ಮುಂಗಡ ಠೇವಣಿ ಹನ್ನೆರಡು ತಿಂಗಳೊಳಗೆ ಹಿಂದಿರುಗುವಂತಿಲ್ಲದಿದ್ದರೆ ಅದನ್ನು ಚಾಲ್ತಿ ಆಸ್ತಿಯೆಂದು ತೋರಿಸಲಾಗದು.

ಬ್ಯಾಂಕಿಗೆ ಒಂದು ಅಂಕಿ, ಲೆಕ್ಕಪುಸ್ತಕಕ್ಕೆ ಮತ್ತೊಂದು ಅಂಕಿ ಎಂಬ ಹಳೆಯ ಅಭ್ಯಾಸಕ್ಕೂ ಈಗ ಎಡೆಯಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೂರನೇ ಅನುಸೂಚಿಯ ತಿದ್ದುಪಡಿಯ ಮೇರೆಗೆ, ಚಾಲ್ತಿ ಆಸ್ತಿಗಳ ಆಧಾರದ ಮೇಲೆ ಸಾಲ ಪಡೆದ ಕಂಪನಿಯು ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ವಿವರಪಟ್ಟಿಗಳು ಪುಸ್ತಕಗಳೊಡನೆ ತಾಳೆಯಾಗುತ್ತವೆಯೇ ಎಂಬುದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು, ವ್ಯತ್ಯಾಸವಿದ್ದರೆ ಸಮನ್ವಯವನ್ನೂ ಕೊಡಬೇಕು. 2020ರ ಕಾರೊ ಆದೇಶ ಅನ್ವಯಿಸುವ ಕಂಪನಿಗಳಲ್ಲಿ, ಭೌತಿಕ ತಪಾಸಣೆಯ ವೇಳೆ ಯಾವುದೇ ವರ್ಗದ ದಾಸ್ತಾನಿನಲ್ಲಿ ಶೇ. 10 ಅಥವಾ ಹೆಚ್ಚಿನ ವ್ಯತ್ಯಾಸ ಕಂಡುಬಂದಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ವರದಿ ಮಾಡಬೇಕಾಗುತ್ತದೆ.

ಪ್ರತಿ ಸರಕಿಗೂ ಬಾರ್‌ಕೋಡ್ ಅಂಟಿಸಿ ಖರೀದಿ ಬೆಲೆಯನ್ನು ಗಣಕದಲ್ಲಿ ದಾಖಲಿಸುತ್ತಿರುವ ಅಂಗಡಿಗೆ ಚಿಲ್ಲರೆ ಪದ್ಧತಿಯ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ತೂಕಬದ್ಧ ಸರಾಸರಿ ವೆಚ್ಚವನ್ನು ಯಂತ್ರವೇ ಕೊಡುತ್ತದೆ. ಹಾಗೆ ಬದಲಾಯಿಸುವ ಕಂಪನಿಯು ಎ.ಎಸ್. 5ರಂತೆ ಬದಲಾವಣೆಯ ಕಾರಣವನ್ನೂ, ಅದರಿಂದ ಆ ವರ್ಷದ ಲಾಭದ ಮೇಲೆ ಆದ ಪರಿಣಾಮವನ್ನೂ ಟಿಪ್ಪಣಿಯಲ್ಲಿ ನಮೂದಿಸಬೇಕು. ಲಾಭ ಕಡಿಮೆಯಾದ ವರ್ಷ ಒಂದು ಪದ್ಧತಿ, ಹೆಚ್ಚಾದ ವರ್ಷ ಮತ್ತೊಂದು ಎಂದು ಹಾರಾಡಲು ಆ ಮಾನಕದಲ್ಲಿ ಅವಕಾಶವಿಲ್ಲ.